ಎರಡು ತಾಸಿಗೊಮ್ಮೆ ಮಗ್ಗುಲು

ಹರಿಹರದ ಹತ್ತಿರದ ಸಾರಥಿಯಲ್ಲಿ ನಮ್ಮ ಆಪಾಳ ಮನೆ ಇದೆ. ಅಲ್ಲಿ ರಾತ್ರಿ ಉಳಿದವರಿಗೆ ನಿದ್ದೆ ಕಷ್ಟ. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಂ ಹೊಡೆಯುತ್ತದೆ. ಆಪಾ ಎದ್ದು ಭಾವನ ಮಗ್ಗುಲು ಬದಲಿಸುತ್ತಾಳೆ. ಮೊಣಕಾಲುಗಳ ನಡುವೆ ದಿಂಬು ಇಡುತ್ತಾಳೆ. ಬೆನ್ನಿನ ಬುಡ, ಹಿಮ್ಮಡಿ ಎಲ್ಲಾದರೂ ಕೆಂಪಾಗಿದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಾಳೆ. 2006ರಿಂದ ಆ ಮನೆಯ ರಾತ್ರಿಗಳು ಹೀಗೇ ಕಳೆಯುತ್ತಿವೆ.

ಆ ವರ್ಷದ ಭತ್ತದ ಸುಗ್ಗಿಯಲ್ಲಿ ಭಾವ ಹುಲ್ಲು ಹೇರಿದ ಟ್ರ್ಯಾಕ್ಟರಿನ ಮೇಲಿಂದ ತಲೆಕೆಳಗಾಗಿ ಬಿದ್ದರು. ಆಗಿನ್ನೂ 108ರ ಗಾಡಿ ಬಂದಿರಲಿಲ್ಲ, ಅದು ಬಂದದ್ದು 2008ರಲ್ಲಿ. ಕೈಕಾಲು ಹಿಡಿದು ಎತ್ತಿದವರು ನಾವೇ. ಆಟೋದಲ್ಲಿ ಕೂರಿಸಿ, ಓಲಾಡುವ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ದಾವಣಗೆರೆಗೆ ಓಡಿದವರೂ ನಾವೇ. ಹೀಗೆ ಬಿದ್ದವರನ್ನು ಮಡಚಬಾರದು, ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಹುರಿ ಬಿದ್ದಾಗಲೇ ಜಜ್ಜಿತ್ತೋ, ನಮ್ಮ ಕೈಯಲ್ಲಿ ಜಜ್ಜಿತೋ! ಈ ಪ್ರಶ್ನೆಯನ್ನು ಭಾವ ಒಮ್ಮೆಯೂ ಕೇಳಿಲ್ಲ. ನಾವೂ ಬಾಯಿ ಬಿಟ್ಟಿಲ್ಲ.

ಕುತ್ತಿಗೆಯ ಮೂಳೆ ಮುರಿದಿತ್ತು. ತೋಳು ಎತ್ತುತ್ತಾರೆ, ಆದರೆ ಬೆರಳುಗಳಿಗೆ ಹಿಡಿತವಿಲ್ಲ. ಎದೆಯ ಕೆಳಗೆ ಅರಿವಿಲ್ಲ. ಕೈಯ ನರ ಕಡಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಗೆ ಆ ಭಾಗ್ಯವಿಲ್ಲ. ಪೆಟ್ಟಾದಲ್ಲಿ ಗಾಯದ ಕಲೆ ಗೋಡೆಯಂತೆ ನಿಲ್ಲುತ್ತದೆ. ಬೆಳವಣಿಗೆಯನ್ನು ತಡೆಯುವ ರಾಸಾಯನಿಕಗಳೂ ಅಲ್ಲಿವೆ.

ಇಷ್ಟನ್ನು ವೈದ್ಯರು ಬಿಡಿಸಿ ಹೇಳಿದ್ದರೂ ನಮ್ಮ ಮನಸ್ಸು ಒಪ್ಪಲಿಲ್ಲ. ಕತೆ ಬರೆಯುವವರಿಗೆ ಕೊನೆಯಲ್ಲೊಂದು ತಿರುವು ಬೇಕೇ ಬೇಕು. 2009ರಲ್ಲಿ ಪತ್ರಿಕೆಯಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ನಿನ ಜಾಹೀರಾತು ಕಂಡಾಗ ಅದನ್ನು ಕತ್ತರಿಸಿ ಸಾರಥಿಗೆ ಒಯ್ದವರು ನಾವು. ಆಪಾ ಬಳೆ ಬಿಚ್ಚಿ ಕೊಟ್ಟಳು. ಅರ್ಧ ಎಕರೆ ಗದ್ದೆ ಹೋಯಿತು. ಬೇರೆ ರಾಜ್ಯದ ಆ ಆಸ್ಪತ್ರೆಗೆ ಹೋಗಿ ಬರುವ ರೈಲಿನಲ್ಲಿ ಭಾವನನ್ನು ಇಡೀ ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿಸಿದೆವು. ಕಾಲು ಅಲುಗಲಿಲ್ಲ. ಬೆನ್ನಿನ ಬುಡದಲ್ಲಿ ಹಾಸಿಗೆ ಹುಣ್ಣು ಎದ್ದಿತು, ಮೂಳೆಯವರೆಗೂ ಇಳಿಯಿತು. ಅದು ಮಾಯಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಎರಡು ಸಲ ಭಾವ ನಮ್ಮ ಕೈಬಿಟ್ಟು ಹೋಗುವುದರಲ್ಲಿದ್ದರು.

ಹುಣ್ಣಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಇಂಜೆಕ್ಷನ್ನಿನ ಚೀಟಿ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಇದು ಪ್ರಯೋಗವೇ ಆಗಿದ್ದರೆ ನಿಮ್ಮಿಂದ ಯಾಕೆ ದುಡ್ಡು ತಗೊಂಡರು?" ಆ ಮಾತಿನ ಬೆಲೆ ನಮ್ಮ ಅರ್ಧ ಎಕರೆಗಿಂತ ದೊಡ್ಡದು. ನಿಜವಾದ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಪ್ರಯೋಗದ ಮದ್ದಿಗೆ ರೋಗಿಯ ಜೇಬಿಗೆ ಕೈ ಹಾಕಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಬೆನ್ನುಹುರಿಯ ಪೆಟ್ಟಿಗೆ ಸ್ಟೆಮ್ ಸೆಲ್ಲನ್ನು ಚಿಕಿತ್ಸೆಯೆಂದು ಮಾರಲು ಒಪ್ಪುವುದಿಲ್ಲ.

ಹಾಗಾದರೆ ಸಂಶೋಧನೆಯಿಂದ ಭಾವನಿಗೆ ಏನೂ ಸಿಗಲಿಲ್ಲವೇ? ಹಾಗೆಂದುಕೊಂಡದ್ದೂ ನಮ್ಮ ತಪ್ಪೇ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಸತ್ತರು. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಎರಡು ತಾಸಿಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಶಿಸ್ತು ತಂದರು. ಮೂತ್ರವನ್ನು ಆಗಾಗ ನಳಿಕೆಯಿಂದ ತೆಗೆಯಲು ಕೈಯೂ ನಳಿಕೆಯೂ ಶುಚಿಯಾಗಿದ್ದರೆ ಸಾಕು, ಆಪರೇಷನ್ ಕೋಣೆಯ ಕಟ್ಟುನಿಟ್ಟು ಬೇಡ ಎಂದು 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ತೋರಿಸಿಕೊಟ್ಟರು. ಆಪಾಗೆ ಈ ಹೆಸರುಗಳು ಗೊತ್ತಿಲ್ಲ. ಆದರೆ ಅವಳ ಅಲಾರಂ, ಅವಳ ಸೋಪು ನೀರು ಆ ಸಂಶೋಧನೆಯೇ. ಭಾವನಿಗೆ ಒಮ್ಮೆಲೇ ತಲೆ ಸಿಡಿದು ಮುಖ ಬೆವೆತರೆ ಅವಳು ತಲೆನೋವಿನ ಗುಳಿಗೆ ಹುಡುಕುವುದಿಲ್ಲ. ತಕ್ಷಣ ಎಬ್ಬಿಸಿ ಕೂರಿಸುತ್ತಾಳೆ, ಮೂತ್ರ ಕಟ್ಟಿದೆಯೇ ನೋಡುತ್ತಾಳೆ. ಕುತ್ತಿಗೆಗೆ ಪೆಟ್ಟಾದವರಲ್ಲಿ ಹಾಗೆ ರಕ್ತದೊತ್ತಡ ಏರಿ ಜೀವಕ್ಕೇ ಕುತ್ತಾಗಬಹುದು.

ಲೋಕದ ಪ್ರಯೋಗಶಾಲೆಗಳೂ ಸುಮ್ಮನೆ ಕೂತಿಲ್ಲ. ಬೆನ್ನುಹುರಿಯ ಮೇಲೆ ವಿದ್ಯುತ್ ಸಾಧನ ಅಳವಡಿಸಿದ ಮೇಲೆ ಎದ್ದು ನಿಂತ ಅಮೆರಿಕದ ಯುವಕನ ವರದಿ 2011ರಲ್ಲಿ ಬಂತು. ಮಿದುಳಿಗೂ ಬೆನ್ನುಹುರಿಗೂ ಯಂತ್ರದ ಸೇತುವೆ ಕಟ್ಟಿ ಒಬ್ಬರನ್ನು ನಡೆಸಿದ್ದನ್ನು 2023ರಲ್ಲಿ ಸ್ವಿಟ್ಜರ್ಲೆಂಡಿನ ತಂಡ ಪ್ರಕಟಿಸಿತು. ಕುತ್ತಿಗೆಯ ಹುರಿಗೆ ಅರೆಬರೆ ಪೆಟ್ಟಾದವರ ಕೈಗೆ ಬಲ ತರುವ, ಚರ್ಮದ ಮೇಲಿಂದಲೇ ಕೆಲಸ ಮಾಡುವ ಸಾಧನಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಇವು ಯಾವುವೂ ಪೂರ್ತಿ ಗುಣಪಡಿಸುವಂಥವಲ್ಲ. ಆದರೆ ಸುಳ್ಳೂ ಅಲ್ಲ.

2004ರಲ್ಲಿ ಕಿಮ್ ಆಂಡರ್ಸನ್ ಎಂಬ ಸಂಶೋಧಕಿ ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು ವಿಚಾರಿಸಿ, ಯಾವುದು ಮರಳಿ ಬಂದರೆ ಬದುಕು ಹಗುರವಾಗುತ್ತದೆ ಎಂದು ಕೇಳಿ ಬರೆದಿದ್ದಾರೆ. ಆಕೆಯೂ ಗಾಲಿಕುರ್ಚಿಯಲ್ಲಿರುವವರೇ. ಕೈಕಾಲು ಎರಡೂ ಸೋತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲು ಕೇಳಿದ್ದು ಕೈಯನ್ನು. ಇದನ್ನು ಓದಿ ನಮಗೆ ನಾಚಿಕೆಯಾಯಿತು. ಇಷ್ಟು ವರ್ಷ ಕಾಲು, ಕಾಲು ಎಂದು ಓಡಾಡಿದ ನಾವು ಭಾವನನ್ನು ಒಮ್ಮೆಯಾದರೂ ಕೇಳಿದ್ದೆವೇ?

ಕಳೆದ ಸಲ ಹೋದಾಗ ಕೇಳಿದೆವು. ಭಾವ ತಮ್ಮ ಬೆರಳುಗಳನ್ನೇ ನೋಡುತ್ತಾ, "ರೊಟ್ಟಿ ನಾನೇ ಮುರಿದುಕೊಂಡು ತಿನ್ನೋ ಹಾಗಾದರೆ ಸಾಕು" ಎಂದರು.

ಆಪಾಳನ್ನೂ ಕೇಳಿದೆವು. ಅವಳನ್ನು ಇಂಥದ್ದು ಯಾರೂ ಕೇಳಿರಲಿಲ್ಲವೇನೋ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಒಂದು ರಾತ್ರಿ ಪೂರಾ ನಿದ್ದೆ" ಎಂದಳು.

ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಆ ರಾತ್ರಿ ಅಲಾರಂ ನಮ್ಮ ತಲೆದಿಂಬಿನ ಪಕ್ಕ ಇತ್ತು.