ಮತ್ತೆ ಕೂಡಿದ ಮೂವರು

ಮನಸ್ಸು ಮುರಿದು ಬೇರೆಯಾದವರು ಮತ್ತೆ ಕೂಡುವುದುಂಟು. ಆದರೆ ಬಹುಮಟ್ಟಿಗೆ ಅದು ರೋಗಿಯ ಹಾಸಿಗೆಯ ಬಳಿ, ಇಲ್ಲವೆ ಸೂತಕದ ಮನೆಯಲ್ಲಿ. ಸಂಸಾರಿಗಳಾದ ವಾಚಕರು ಇದನ್ನು ಬಲ್ಲರು. ನನಗೆ ಇದೇ ವಿಷಯವನ್ನು ದೂರದ ಅಮೆರಿಕದ ಹಾಡುಗಾರರ ಮೇಳವೊಂದು ಮನಗಾಣಿಸಿತೆಂದರೆ ಕೆಲವರಿಗೆ ನಗೆ ಬಂದೀತು.

ಆ ಮೇಳದ ಹೆಸರು ಬ್ಲಿಂಕ್-೧೮೨. ೧೯೯೨ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ನಗರದ ಮಗ್ಗುಲಿನ ಪೋವೇ ಎಂಬ ಊರಿನಲ್ಲಿ ಅದು ಹುಟ್ಟಿತು. ಟಾಮ್ ಡಿಲಾಂಗನು ಗಿಟಾರನ್ನೂ ಮಾರ್ಕ್ ಹಾಪಸನು ಬೇಸ್ ಗಿಟಾರನ್ನೂ ನುಡಿಸುತ್ತ ಇಬ್ಬರೂ ಹಾಡುವರು. ೧೯೯೮ರಲ್ಲಿ ಟ್ರ್ಯಾವಿಸ್ ಬಾರ್ಕರನು ಡ್ರಮ್ ಬಾರಿಸಲು ಬಂದು ಸೇರಿದನು. ಇವರ ಸಂಗೀತವನ್ನು ಪಾಪ್ ಪಂಕ್ ಎನ್ನುವರು. ಪಂಕಿನ ವೇಗ ಮತ್ತು ಒರಟುತನದೊಡನೆ, ಒಮ್ಮೆ ಕೇಳಿದರೆ ಬಾಯಲ್ಲಿ ನಿಲ್ಲುವ ಧಾಟಿ ಇದರಲ್ಲಿ ಬೆರೆತಿರುವುದು.

೧೯೯೯ರಲ್ಲಿ ‘ಎನಿಮಾ ಆಫ್ ದಿ ಸ್ಟೇಟ್’ ಎಂಬ ಧ್ವನಿಮುದ್ರಿಕೆಯು ಹೊರಬಿದ್ದಾಗ ನಾನು ಕಾಲೇಜಿನ ವಿದ್ಯಾರ್ಥಿ. ಇವರ ಹಾಸ್ಯವು ಪೋಲಿಯೇ ಸರಿ, ಹಿರಿಯರೆದುರು ಕೇಳತಕ್ಕುದಲ್ಲ. ಆದರೂ ಒಂಟಿತನದಿಂದ ನೊಂದು ಬಾಳನ್ನೇ ಮುಗಿಸಬಯಸುವ ಹುಡುಗನ ಹಾಡೊಂದು ಅದೇ ಮುದ್ರಿಕೆಯಲ್ಲಿದ್ದಿತು. ಇವರು ದುಃಖವನ್ನರಿಯದೆ ನಗುವವರಲ್ಲವೆಂದು ಅದನ್ನು ಕೇಳಿದಾಗ ನನಗೆ ತೋರಿತು. ಅಂದಿನಿಂದ ಇವರು ನನ್ನವರಾದರು.

೨೦೦೫ರಲ್ಲಿ ಮೇಳವು ಒಡೆಯಿತು. ಊರೂರು ತಿರುಗುವುದೆಷ್ಟು, ಹೆಂಡತಿ ಮಕ್ಕಳೊಡನೆ ಇರುವುದೆಷ್ಟು ಎಂಬುದರಲ್ಲಿಯೂ, ಹಾಡು ಹೇಗಿರಬೇಕೆಂಬುದರಲ್ಲಿಯೂ ಮತಭೇದ ಬೆಳೆದು, ಗೆಳೆಯರ ನಡುವೆ ಮಾತೇ ನಿಂತಿತು. ೨೦೦೮ರ ಆಗಸ್ಟಿನಲ್ಲಿ ಅವರ ಮುದ್ರಿಕೆಗಳನ್ನು ತಿದ್ದಿ ರೂಪಿಸಿದ್ದ ಜೆರ್ರಿ ಫಿನ್ ತೀರಿಕೊಂಡನು. ಮರು ತಿಂಗಳು ಬಾರ್ಕರನಿದ್ದ ವಿಮಾನವು ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾದಲ್ಲಿ ಅಪಘಾತಕ್ಕೆ ಸಿಕ್ಕಿ, ಆರು ಜನರಲ್ಲಿ ನಾಲ್ವರು ಮಡಿದರು. ಅವನು ಮೈಸುಟ್ಟು ಬದುಕಿದನು. ಆ ಬಳಿಕವೇ ಮೂವರ ನಡುವೆ ಮಾತು ಮರಳಿತು. ೨೦೦೯ರ ಫೆಬ್ರವರಿಯಲ್ಲಿ ತಾವು ಕೂಡಿದೆವೆಂದು ಸಾರಿದರು.

ಆದರೆ ೨೦೧೧ರ ‘ನೈಬರ್‌ಹುಡ್ಸ್’ ಮುದ್ರಿಕೆಯ ಬಹುಭಾಗವನ್ನು ಬೇರೆ ಬೇರೆ ಸ್ಟುಡಿಯೋಗಳಲ್ಲಿ ಕುಳಿತು ಮಾಡಿದರು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತಾಯಿತು. ಅಂತಹ ಕೂಟವು ಬಹುಕಾಲ ನಿಲ್ಲುವುದಿಲ್ಲ. ೨೦೧೫ರಲ್ಲಿ ಡಿಲಾಂಗನು ಮತ್ತೆ ಹೊರಟುಹೋದನು. ಅವನ ಸ್ಥಾನದಲ್ಲಿ ಮ್ಯಾಟ್ ಸ್ಕೀಬಾ ಹಾಡಿದನು. ಮೇಳವೇನೋ ನಡೆಯಿತು, ನನ್ನ ಕಿವಿಯು ಮಾತ್ರ ಹಳೆಯ ಜೋಡುಕಂಠವನ್ನೇ ಹುಡುಕುತ್ತಿದ್ದಿತು.

೨೦೨೧ರಲ್ಲಿ ಹಾಪಸನಿಗೆ ಕ್ಯಾನ್ಸರ್ ತಗಲಿತು. ಅದೇ ವರ್ಷ ಗುಣವೂ ಆಯಿತು. ೨೦೨೨ರ ಅಕ್ಟೋಬರಿನಲ್ಲಿ ಡಿಲಾಂಗನು ಹಿಂದಿರುಗಿದ ಸುದ್ದಿಯು ಬಂದಿತು. ೨೦೨೩ರ ಏಪ್ರಿಲಿನಲ್ಲಿ ಕೋಚೆಲ್ಲಾ ಉತ್ಸವದಲ್ಲಿ ಮೂವರೂ ಹಾಡಿದರು. ಅಕ್ಟೋಬರಿನಲ್ಲಿ ‘ಒನ್ ಮೋರ್ ಟೈಮ್’ ಎಂಬ ಮುದ್ರಿಕೆಯು ಹೊರಬಂದಿತು. ಅದೇ ಹೆಸರಿನ ಹಾಡಿನಲ್ಲಿ ಅವರು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವರು: ನಮ್ಮನ್ನು ಕೂಡಿಸುವುದಕ್ಕೆ ರೋಗವೂ ಅಪಘಾತವೂ ಏಕೆ ಬೇಕಾದುವು?

ಇದನ್ನು ಮೊದಲು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ತಂದೆಯವರೂ ದೊಡ್ಡಪ್ಪನವರೂ ಮನೆ ಪಾಲಾದ ಬಳಿಕ ಹನ್ನೊಂದು ವರ್ಷ ಮಾತನಾಡಿರಲಿಲ್ಲ. ದೊಡ್ಡಪ್ಪನವರು ಹಾಸಿಗೆ ಹಿಡಿದಾಗ ನಮ್ಮ ತಂದೆಯವರು ದಿನವೂ ಗಂಜಿಯನ್ನು ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಅಣ್ಣತಮ್ಮಂದಿರು ಬಾಲ್ಯದ ಕಥೆಗಳನ್ನು ಹೇಳಿಕೊಂಡು ನಗುವರು. ಅಂತಹ ದಿನಗಳು ಅವರಿಗೆ ದೊರೆತದ್ದು ಎರಡೇ ತಿಂಗಳು.

ಬ್ಲಿಂಕ್ ಮೇಳದವರು ಈ ವಿಷಯದಲ್ಲಿ ಪುಣ್ಯವಂತರು. ರೋಗವು ಬಂದು, ಬಿಟ್ಟೂ ಹೋಯಿತು. ಅವರ ಕಂಠಗಳಲ್ಲಿ ಈಗ ಮೊದಲಿನ ಹುಡುಗುತನವಿಲ್ಲ, ವಯಸ್ಸು ಕೇಳಿಸುವುದು. ನನಗೆ ಅದು ಕೊರತೆಯೆಂದು ತೋರುವುದಿಲ್ಲ. ಇಪ್ಪತ್ತರ ಹರಯದಲ್ಲಿ ಕೂಡಿ ಹಾಡುವುದು ಸುಲಭ. ಐವತ್ತರ ಹತ್ತಿರ, ಇಬ್ಬರ ಬಳಿಯಲ್ಲಿಯೂ ಹಳೆಯ ಲೆಕ್ಕಗಳಿರುವಾಗ, ಅವನ್ನು ಬದಿಗಿಟ್ಟು ದನಿಗೂಡಿಸುವುದೇ ಕಷ್ಟ. ಎಲ್ಲ ಮನೆಗಳಿಗೂ ಈ ಮೂವರಿಗೆ ದೊರೆತಷ್ಟು ಅವಕಾಶವು ದೊರೆಯುವುದಿಲ್ಲ. ಆದುದರಿಂದ ಮಾತು ಬಿಟ್ಟವರಿಗೆ ಕಾಗದ ಬರೆಯುವ ಕೆಲಸವನ್ನು, ಎರಡು ಕಡೆಯವರೂ ಗಟ್ಟಿಮುಟ್ಟಾಗಿರುವಾಗಲೇ ಮುಗಿಸುವುದು ಮೇಲು.