ದಕ್ಷನಿಗೆ ತಲೆ ಇಡದೆ ಎದ್ದು ಹೋದರು

ಕಡೂರಿನಲ್ಲಿ ಮೊನ್ನೆ ಉತ್ಸವದ ಮೆರವಣಿಗೆ. ನಮ್ಮ ಸೀಮೆಯ ಚರಿತ್ರೆಯನ್ನು ನೆನೆಯುವ ಹಬ್ಬವೆಂದು ಬ್ಯಾನರಿನಲ್ಲಿ ಬರೆದಿತ್ತು. ವೀರಬಲ್ಲಾಳನ ಕಾಲದ, 1196ರ ಅಮೃತಪುರದ ಗುಡಿ ಥರ್ಮಾಕೋಲಿನಲ್ಲಿ ಟ್ರ್ಯಾಕ್ಟರ್ ಏರಿ ಬಂತು. ಹಿಂದೆಯೇ ವೀರಗಾಸೆ ಕುಣಿತದ ತಂಡ. ಎಲ್ಲರ ಮೊಬೈಲೂ ಮೇಲೆದ್ದವು. ಐದು ನಿಮಿಷ ಕತ್ತಿ ಝಳಪಿಸಿ ತಂಡ ಮುಂದೆ ಹೋಯಿತು. ಪಕ್ಕದಲ್ಲಿದ್ದ ಮೊಮ್ಮಗಳು ಕೇಳಿದಳು: "ತಾತ, ಇವ್ರಿಗೆ ಯಾರ ಮೇಲೆ ಇಷ್ಟೊಂದು ಕೋಪ?"

ನಮ್ಮ ಕಾಲದಲ್ಲಿ ಈ ಸೀಮೆಯ ಯಾವ ಮಗುವೂ ಇದನ್ನು ಕೇಳಬೇಕಾಗಿರಲಿಲ್ಲ. ದಕ್ಷ ಯಜ್ಞಕ್ಕೆ ಅಳಿಯನನ್ನು ಕರೆಯದೆ ಹೋದದ್ದು, ಕರೆಯದಿದ್ದರೂ ಹೋದ ಮಗಳು ಬೆಂಕಿಗೆ ಬಿದ್ದದ್ದು, ಶಿವನ ಜಟೆಯಿಂದ ವೀರಭದ್ರ ಎದ್ದು ದಕ್ಷನ ತಲೆ ಹಾರಿಸಿದ್ದು, ಎಲ್ಲವನ್ನೂ ವೀರಗಾಸೆಯವರು ಕುಣಿತದ ನಡುವೆ ಕತೆ ಹೇಳುವ ಒಡಪು ಕೇಳಿಯೇ ಕಲಿತೆವು. ಒಡಪು ಹೇಳುವವರು ಒಂದೊಂದು ಘಟ್ಟಕ್ಕೆ ನಿಲ್ಲುತ್ತಿದ್ದರು, ಆಗ ಸಂಬಾಳ, ದಿಮ್ಮುಗಳ ಬಡಿತ ಏಳುತ್ತಿತ್ತು. ಕುಣಿತ ಮಾತಿನ ಬೆನ್ನಿಗೆ ಬರುತ್ತಿತ್ತು.

ನಮ್ಮೂರಿಗೆ ಬರುತ್ತಿದ್ದವರನ್ನು ನಾವು ವೀರಗಾಸೆ ಅಜ್ಜ ಎನ್ನುತ್ತಿದ್ದೆವು. ಬಡಕಲು ಮೈ, ಹಗಲಲ್ಲಿ ನೋಡಿದರೆ ಯಾರದೋ ತೆಂಗಿನ ತೋಟದಲ್ಲಿ ಪಾತಿ ಮಾಡುತ್ತಿದ್ದ ಮುದುಕ. ಸಂಜೆ ಗುಡಿಯ ಹಿಂದೆ ವೇಷಕ್ಕೆ ಕೂತರೆ ಬೇರೆಯೇ ಮನುಷ್ಯ. ಮೊದಲು ಹಣೆಗೆ, ತೋಳಿಗೆ ವಿಭೂತಿ. ಆಮೇಲೆ ಕಾವಿ, ರುದ್ರಾಕ್ಷಿ, ಸೊಂಟಕ್ಕೆ ವೀರಭದ್ರನ ಹಲಗೆ, ಕೊನೆಗೆ ಗೆಜ್ಜೆ. ಗೆಜ್ಜೆ ಕಟ್ಟಿದ ಮೇಲೆ ಯಾರೊಂದಿಗೂ ಲೋಕಾಭಿರಾಮ ಇಲ್ಲ. ಅತ್ತ ಸಂಬಾಳದವನು ತೆಂಗಿನ ಗರಿಯ ಬೆಂಕಿಗೆ ಚರ್ಮ ಹಿಡಿದು ಕಾಯಿಸುತ್ತಿದ್ದ. ಕಾದ ಚರ್ಮ, ಗರಿಯ ಹೊಗೆ, ಕರ್ಪೂರ ಮೂರೂ ಕಲೆತ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಉಣ್ಣುತ್ತಿದ್ದ ನಾವು ಕೈ ತೊಳೆದು ಓಡುತ್ತಿದ್ದೆವು.

ಒಂದು ಮನೆಯವರು ವೀರಭದ್ರನಿಗೆ ಗುಗ್ಗಳದ ಸೇವೆ ಮಾಡಿಸಿದ ದಿನ ನಡೆದ ಚೌಕಾಸಿ ಚೆನ್ನಾಗಿ ನೆನಪಿದೆ. ಮನೆಯ ಯಜಮಾನರು, ಊಟದ ಹೊತ್ತಾಗುತ್ತೆ, ಬೇಗ ಮುಗಿಸಿಬಿಡಿ, ಬೇಕಾದರೆ ಇನ್ನೈದು ಸೇರು ರಾಗಿ ಹೆಚ್ಚಿಗೆ ಕೊಡಿಸ್ತೀನಿ ಎಂದರು. ಅಜ್ಜ ಕೈ ಮುಗಿದರು. "ರಾಗಿ ಕಮ್ಮಿ ಮಾಡಿ ಸ್ವಾಮಿ, ಹೊತ್ತು ಕಮ್ಮಿ ಮಾಡಬ್ಯಾಡಿ. ದಕ್ಷನ ತಲೆ ಹಾರಿಸಿ ಹಂಗೇ ಎದ್ದು ಹೋದ್ರೆ ಆಯ್ತದಾ? ಟಗರಿನ ತಲೆನಾದ್ರೂ ಇಟ್ಟು ಎಬ್ಬಿಸ್ಬೇಕಲ್ಲ?" ಯಜಮಾನರು ಸುಮ್ಮನಾದರು. ಅಂದು ಎಲೆ ಹಾಕುವಾಗ ನಡುರಾತ್ರಿ ಮೀರಿತ್ತು, ಯಾರೂ ಗೊಣಗಲಿಲ್ಲ.

ಆ ಕಾಲವೇ ಚೆಂದ ಎಂದು ಬರೆಯಲು ಮಾತ್ರ ಕೈ ಬರುವುದಿಲ್ಲ. ಅದೇ ಗುಡಿಯ ಅಂಗಳದಾಚೆ, ಕತ್ತಲಲ್ಲಿ ನಿಂತು ಒಡಪು ಕೇಳಿದ ಕೇರಿಯವರಿದ್ದರು. ಅವರನ್ನು ಒಳಗೆ ಬನ್ನಿ ಎಂದವರಿಲ್ಲ. ಹೆಂಗಸರು ಜಗಲಿಯಿಂದ ಈಚೆ ಬರುತ್ತಿರಲಿಲ್ಲ. ಇವತ್ತು ಹೆಣ್ಣುಮಕ್ಕಳೇ ಕತ್ತಿ ಹಿಡಿದು ವೀರಗಾಸೆ ಕುಣಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಸಂಭಾವನೆಯೂ ರಾಗಿಯಲ್ಲಲ್ಲ, ದುಡ್ಡಿನಲ್ಲಿ ಬರುತ್ತದೆ. ಅಜ್ಜ ತಮ್ಮ ಮಗನಿಗೆ ಈ ವಿದ್ಯೆ ಬೇಡವೆಂದು ರೈಲ್ವೆ ಕೂಲಿಗೆ ಕಳಿಸಿದ್ದರು. ಅವರ ಹಸಿವನ್ನು ಮರೆತು ಅವರ ಕಲೆಯನ್ನು ಹೊಗಳುವುದು ಅನ್ಯಾಯ.

ಆದರೂ ಹೇಳಬೇಕು: ಕುಣಿತ ಉಳಿಸಿಕೊಂಡು ಮಾತನ್ನು ಕೊಂದಿದ್ದೇವೆ. ಮೈಸೂರು ದಸರಾದ ಮೆರವಣಿಗೆಯಲ್ಲಿ ವೀರಗಾಸೆ ಇದೆ, 2023ರ ಚಿಕ್ಕಮಗಳೂರು ಹಬ್ಬದ ನಂತರ ನಮ್ಮ ಕಡೆಯೂ ಉತ್ಸವಗಳ ಹುಮ್ಮಸ್ಸು ಹೆಚ್ಚಿದೆ. ಎಲ್ಲಿ ನೋಡಿದರೂ ನಡೆಯುತ್ತಲೇ ಕುಣಿಯಬೇಕು, ಗಣ್ಯರು ಬಂದ ಕೂಡಲೇ ನಿಲ್ಲಿಸಬೇಕು. ವೇದಿಕೆಯ ಭಾಷಣಕ್ಕೆ ಗಂಟೆ ಸಿಗುತ್ತದೆ, ಒಡಪಿಗೆ ಇಲ್ಲ. ಹೀಗಾಗಿ ಮಕ್ಕಳು ಕಾಣುವುದು ಬರೀ ಸಿಟ್ಟು. ಶಿವ ಕರಗಿದ್ದು, ಸತ್ತವನನ್ನು ಎಬ್ಬಿಸಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ. 1865ರಲ್ಲಿ ಜಿಲ್ಲೆಯ ಕಚೇರಿ ಕಡೂರಿನಿಂದ ಚಿಕ್ಕಮಗಳೂರಿಗೆ ಹೋಯಿತು, 1947ರಲ್ಲಿ ಕಡೂರು ಜಿಲ್ಲೆಯೆಂಬ ಹೆಸರೂ ಹೋಯಿತು. ಅದಕ್ಕೆ ನಮ್ಮವರು ಇವತ್ತಿಗೂ ಮರುಗುತ್ತಾರೆ. ಒಡಪು ಹೋದದ್ದಕ್ಕೆ ಮರುಗಿದವರನ್ನು ನಾನು ಕಂಡಿಲ್ಲ.

ಉತ್ಸವ ಮಾಡುವವರಲ್ಲಿ ನನ್ನದೊಂದೇ ಕೋರಿಕೆ. ಪೂರ್ತಿ ಒಡಪು ಬಾಯಲ್ಲಿರುವ ಹಿರಿಯರು ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಇನ್ನೂ ಇದ್ದರೆ ಹುಡುಕಿ ಕರೆಸಿ. ಮೆರವಣಿಗೆಗೆ ಬೇಡ. ಒಂದು ರಾತ್ರಿ ಗುಡಿಯ ಅಂಗಳದಲ್ಲಿ ಕೂರಿಸಿ, ಎಲ್ಲ ಕೇರಿಯವರನ್ನೂ ಮುಂದಿನ ಸಾಲಿಗೆ ಕರೆಯಿರಿ, ಮೈಕನ್ನು ಒಡಪು ಹೇಳುವವರ ಕೈಗೆ ಕೊಡಿ. ಮುಂದಿನ ವರ್ಷ ನೋಡೋಣ ಎನ್ನಬೇಡಿ. ಅವರಿಗೆಲ್ಲ ವಯಸ್ಸಾಗಿದೆ.