ಕಲ್ಲಿನ ಜೊತೆಗೆ ಹೊಲವನ್ನೂ ಕೊಟ್ಟವರು

ಜಮಖಂಡಿ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಮೆಣಸಿನಕಾಯಿಯಷ್ಟು ಖಾರವಾಗಿತ್ತು. ಓದಿ ಖುಷಿಯಾಯಿತು. “ಬೈಕಿಗೆ ಬಾವುಟ ಸಿಗಿಸಿಕೊಂಡು, ಡಿಜೆ ಹಚ್ಚಿಕೊಂಡು ಊರು ಸುತ್ತಿದರೆ ಸಿಯಾಚಿನ್‌ನಲ್ಲಿ ನಿಂತವನಿಗೆ ಬೆಚ್ಚಗಾಗುತ್ತದೇನ್ರಿ?” ಎಂದು ಕೇಳಿದ್ದೀರಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಬೆನ್ನಿಗೆ ದೇಶದ ತುಂಬ ಹೊರಟ ತಿರಂಗಾ ಯಾತ್ರೆಗಳ ಮೇಲಿನ ನಿಮ್ಮ ಸಿಟ್ಟು ಇನ್ನೂ ಆರಿದಂತಿಲ್ಲ. ನನಗೆ ನಿಮ್ಮಷ್ಟು ಸಿಟ್ಟಿಲ್ಲ. ಹಾಗಂತ ಇಂಥ ಪ್ರಶ್ನೆ ಕೇಳಲೇಬಾರದು ಎನ್ನುವವರ ಪೈಕಿಯೂ ನಾನಲ್ಲ.

ಮೊದಲು ಆ ಹುಡುಗರ ಪರವಾಗಿ ಎರಡು ಮಾತು. ನಮ್ಮ ಮುಧೋಳ, ಜಮಖಂಡಿ ಕಡೆ ಮೆರವಣಿಗೆಯ ಮುಂಚೂಣಿಯಲ್ಲಿ ಕೂಗುತ್ತ ಹೋಗುವವರಲ್ಲಿ ಕೆಲವರಾದರೂ ನಸುಕಿನಲ್ಲಿ ಎದ್ದು ಡಾಂಬರು ರಸ್ತೆಯ ಮೇಲೆ ‘ಭರ್ತಿ’ಗೆಂದು ಓಡುವವರು. 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಟ್ಟಬೇಕು, ಇಲ್ಲದಿದ್ದರೆ ಪೂರ್ತಿ ಅಂಕ ಸಿಗುವುದಿಲ್ಲ. ಇವತ್ತು ಬಾವುಟ ಹಿಡಿದವನೇ ನಾಳೆ ಬಂದೂಕು ಹಿಡಿಯಬಹುದು. ಅದೂ ನಾಲ್ಕು ವರ್ಷಕ್ಕೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥದ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬನಷ್ಟೇ ಸೈನ್ಯದಲ್ಲಿ ಉಳಿಯುತ್ತಾನೆ, ಉಳಿದವರು ಪಿಂಚಣಿಯಿಲ್ಲದೆ ಊರಿಗೆ ಮರಳುತ್ತಾರೆ. ಇಂಥ ಹುಡುಗನ ಉತ್ಸಾಹವನ್ನು ತೋರಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾಲ್ಕು ವರ್ಷದ ಮೇಲೆ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವನನ್ನು ಕರೆದುಕೊಂಡು ಹೋಗಲು ಯಾವ ಯಾತ್ರೆ ಬರುತ್ತದೆ ಎಂಬುದು ಬೇರೆ ಮಾತು. ಆ ಮಾತಿಗೇ ಬರುತ್ತಿದ್ದೇನೆ.

ಹನುಮಂತಪ್ಪ ಕೊಪ್ಪದರನ್ನು ನೀವು ಮರೆತಿರಲಾರಿರಿ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮಗೋಡೆ ಕುಸಿದು ಹತ್ತು ಜನ ಹೂತುಹೋದರು. ಆರನೆಯ ದಿನ ಅವರೊಬ್ಬರು ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುವಿನ ಆ ಮೂರು ದಿನ ದೇಶಕ್ಕೆ ದೇಶವೇ ಹರಕೆ ಹೊತ್ತಿತ್ತು. ಉತ್ತರ ಪ್ರದೇಶದ ಗೃಹಿಣಿಯೊಬ್ಬರು ಬೇಕಾದರೆ ನನ್ನ ಕಿಡ್ನಿ ತೆಗೆದುಕೊಳ್ಳಿ ಎಂದು ಮುಂದೆ ಬಂದರು. ಕನ್ನಡದ ಒಂದಕ್ಷರ ಗೊತ್ತಿರದ ಹೆಣ್ಣುಮಗಳು, ಬೆಟದೂರು ಎಲ್ಲಿದೆ ಎಂಬುದು ಅವರಿಗೇನು ಗೊತ್ತು! ಹುಬ್ಬಳ್ಳಿಯಲ್ಲಿ ಅಂತಿಮ ದರ್ಶನಕ್ಕೆ ನೆರೆದ ಜನಸಾಗರದಲ್ಲಿ ಯಾರೂ ನಾಟಕ ಆಡುತ್ತಿರಲಿಲ್ಲ. ಅದನ್ನು ‘ಬರೀ ಸಂಕೇತ’ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ.

ಜನಸಾಗರದ ತೊಡಕು ಒಂದೇ: ಅದು ಸಂಜೆಗೆ ಮನೆಗೆ ಹೋಗುತ್ತದೆ. ಹೋಗಲೇಬೇಕು, ಎಲ್ಲರಿಗೂ ಅವರವರ ಸಂಸಾರವಿದೆ. ಮಣ್ಣು ಕೊಟ್ಟ ಮರುದಿನದಿಂದ ಆ ಮನೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಒಂದು ಉತ್ತರ ಕಂಡುಕೊಂಡಿದ್ದರು. ಅದನ್ನು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಮುಧೋಳ ನಾಯಿಯ ಅಭಿಮಾನಿ, ಆದ್ದರಿಂದ ನಾಯಿಯಿಂದಲೇ ಶುರುಮಾಡುತ್ತೇನೆ. 2016ರಲ್ಲಿ ನಮ್ಮ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳು ಮೇರಠಿನ ಸೇನಾ ತರಬೇತಿ ಕೇಂದ್ರಕ್ಕೆ ಹೋದಾಗ ನಾವೆಲ್ಲ ಮಗನೇ ಭರ್ತಿಯಾದಂತೆ ಬೀಗಿದ್ದೆವು. ಅದಕ್ಕಿಂತ ಸಾವಿರ ವರ್ಷ ಹಿಂದೆ ಇನ್ನೊಂದು ನಾಯಿ ಇತ್ತು, ಹೆಸರು ಕಾಳಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಹೊತ್ತು. ಗಂಗರ ಬೂತುಗನ ಜೊತೆ ಹೋರಾಡಿದ ಮಣಲೆರನೆಂಬ ವೀರನಿಗೆ ಅರಸು ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಕಾದಾಡಿ ಸತ್ತವು. ಅದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಹೋದಾಗ ಶಾಪಿಂಗಿನ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ನೋಡಿ. ಹಂದಿಯ ಮೇಲೆ ಎಗರಿದ ನಾಯಿಯನ್ನು ಎಷ್ಟು ಚೆನ್ನಾಗಿ ಕಂಡರಿಸಿದ್ದಾರೆ!

ಚಿತ್ರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬರಹ. ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ ಅವರು. ಕಲ್ಲಿನ ಪೂಜೆಗೆಂದು ಹೊಲ ಬಿಟ್ಟರು. ಆ ಹೊಲ ಉಣ್ಣುವ ಪೂಜಾರಿ, ಅಂದರೆ ಗೊರವ, ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಕೆತ್ತಿಸಿದರು. ಲೆಕ್ಕ ಎಷ್ಟು ಚೊಕ್ಕ ನೋಡಿ. ಗೌರವಕ್ಕೊಂದು ಕಲ್ಲು, ಕಲ್ಲಿಗೊಂದು ಹೊಲ, ಹೊಲಕ್ಕೊಬ್ಬ ಹೊಣೆಗಾರ, ಹೊಣೆ ತಪ್ಪಿದರೆ ಶಾಪ. ಮನುಷ್ಯರ ವಿಷಯದಲ್ಲೂ ಅಷ್ಟೆ. ಕಾಳಗದಲ್ಲಿ, ತುರುಗಾಳಗದಲ್ಲಿ ಸತ್ತವನ ಮನೆಗೆ ಭೂಮಿ ಕೊಡುತ್ತಿದ್ದರು, ನೆತ್ತರುಗೊಡಗೆ ಎನ್ನುತ್ತಿದ್ದರು ಅದನ್ನು. ನಮ್ಮ ಊರೂರ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಎಣ್ಣೆ ಜಿಡ್ಡುಗಟ್ಟಿ ವಾಲಿ ನಿಂತ ವೀರಗಲ್ಲುಗಳನ್ನು ನೋಡಿದಾಗಲೆಲ್ಲ ನಾವು ಕಲ್ಲನ್ನು ಮಾತ್ರ ನೋಡುತ್ತೇವೆ. ಅದರ ಬೆನ್ನಿಗಿದ್ದ ಹೊಲ ನಮಗೆ ಕಾಣುವುದಿಲ್ಲ.

ರನ್ನನ ಊರಿನ ಪಕ್ಕದಲ್ಲಿ ಕೂತು ಅವನ ಹೆಸರೆತ್ತದೆ ಇರಲಾದೀತೆ? ಆತಕೂರಿನ ಕಲ್ಲು ನೆಟ್ಟ ಕಾಲದಲ್ಲೇ, 949ರ ಸುಮಾರಿಗೆ, ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಅವನು. ಅವನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಶತ್ರುಪಕ್ಷದ ಹುಡುಗ ಅಭಿಮನ್ಯುವಿನ ಮುಂದೆ ನಿಂತು ಮನಸಾರೆ ಹೊಗಳುತ್ತಾನೆ. ಆ ಗೌರವವನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ, ಇದ್ದದ್ದು ಸಂಜಯನೊಬ್ಬ. ಫೋಟೊ ತೆಗೆಯುವವರಿಲ್ಲದ ಕಡೆ ಎತ್ತಿದ ಕೈಗೆ ತೂಕ ಹೆಚ್ಚು ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಸಂಕೇತ ಬಿಟ್ಟು ಬೇರೇನೂ ಕೊಡಲಾಗದ ಕಾಲವೂ ಇರುತ್ತದೆ. ಹಲಗಲಿಯದು ಅಂಥ ಕತೆ. 1857ರಲ್ಲಿ ಆಯುಧ ಒಪ್ಪಿಸಿರೆಂದು ಇಂಗ್ಲಿಷರು ಹೊರಡಿಸಿದ ಹುಕುಮಿಗೆ ಹಲಗಲಿಯ ಬೇಡರು ಬಗ್ಗಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. 19 ಜನರನ್ನು ಗಲ್ಲಿಗೇರಿಸಿದರು. ಅವರಿಗೆ ಆಗ ಪದಕವಿಲ್ಲ, ಕಲ್ಲಿಲ್ಲ, ಉಂಬಳಿಯಂತೂ ದೂರ. ಜನ ಮಾಡಿದ್ದೇನು? ಲಾವಣಿ ಕಟ್ಟಿದರು, ಊರೂರಲ್ಲಿ ಡಪ್ಪು ಬಡಿದು ಹಾಡಿದರು. ಹಲಗಲಿಯ ಜಡಗ, ಬಾಲ ಇಂದಿಗೂ ನಮ್ಮ ನಾಲಿಗೆಯ ಮೇಲಿದ್ದಾರೆಂದರೆ ಅದಕ್ಕೆ ಯಾವ ಸರ್ಕಾರಿ ಸುತ್ತೋಲೆಯೂ ಕಾರಣವಲ್ಲ. ಆಳುವವರು ನೇಣು ಹಾಕಿದವರ ಹೆಸರನ್ನು ಆಳುವವರ ಕಿವಿಗೆ ಬೀಳುವಂತೆ ಹಾಡುವುದು ಧೈರ್ಯದ ಕೆಲಸ. ಆಳುವವರೂ ಜನರೂ ಒಟ್ಟಿಗೆ ಚಪ್ಪಾಳೆ ತಟ್ಟುವಾಗ ಹಾಡಲು ಧೈರ್ಯ ಬೇಕಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬಾವುಟದ ಬಟ್ಟೆಯ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಅಲ್ಲಿ ಹೊಲಿಗೆಯಾಗಿ ರಾಷ್ಟ್ರಧ್ವಜವಾಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ‘ಹರ್ ಘರ್ ತಿರಂಗಾ’ ಬಂತು, ಮನೆಮನೆಯ ಮೇಲೆ ಬಾವುಟ ಹಾರಿತು, ಬೆಂಗೇರಿಯವರು ಮಾತ್ರ ಬೇಡಿಕೆ ಬಿತ್ತೆಂದು ಅಳಲು ತೋಡಿಕೊಂಡರು. ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ. ಅಗ್ಗದ ಬಾವುಟ ಬಡವನ ಕೈಗೂ ಎಟುಕಿತು ಎಂಬ ವಾದವೂ ಇದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆಗಸ್ಟ್ 16ರ ಬೆಳಿಗ್ಗೆ ಚರಂಡಿಯ ಪಕ್ಕದಲ್ಲಿ ಬಿದ್ದ ಬಾವುಟಗಳನ್ನು ಆಯ್ದವರಿಗೆ ಆ ವಾದ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ನನ್ನ ಮೆಚ್ಚಿನ ಸಂಕೇತಕ್ಕೆ ಬರುತ್ತೇನೆ. ಕನ್ನಡ ಶಾಲೆಯಲ್ಲಿ ಡಿಸೆಂಬರ್ 7ಕ್ಕೆ ಗುಂಡುಸೂಜಿಯಿಂದ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ಕಾಗದದ ಬಾವುಟ ನೆನಪಿದೆಯೆ? ಕೆಂಪು, ಕಡುನೀಲಿ, ತಿಳಿನೀಲಿ, ಮೂರು ಪಡೆಗೆ ಮೂರು ಬಣ್ಣ. 1949ರಿಂದ ನಡೆದುಬಂದದ್ದು. ಮಾಸ್ತರರು ಡಬ್ಬಿ ಹಿಡಿದು ಬರುತ್ತಿದ್ದರು, ನಾವು ಚಿಲ್ಲರೆ ಹಾಕುತ್ತಿದ್ದೆವು, ಮಧ್ಯಾಹ್ನದ ಹೊತ್ತಿಗೆ ಬಾವುಟ ಕಿತ್ತು ಗಾಳಿಗೆ ಬಿಡುತ್ತಿದ್ದೆವು. ಮೆರವಣಿಗೆ ಇಲ್ಲ, ಡಿಜೆ ಇಲ್ಲ, ಸಶಸ್ತ್ರ ಪಡೆಗಳ ಧ್ವಜ ದಿನ ಎಂಬ ಅದರ ಹೆಸರೂ ಈಗಿನ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಆ ಡಬ್ಬಿಯ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಪಿಂಚಣಿಯಿಲ್ಲದ, 65 ದಾಟಿದ, ಬೇರೆ ಆದಾಯವಿಲ್ಲದ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತಿತ್ತು. 2025ರ ನವೆಂಬರ್‌ನಿಂದ ಹೊಸ ಅರ್ಜಿಗಳಿಗೆ ಅದು 8,000 ಆಗಿದೆ. ಮಕ್ಕಳ ಓದಿನ ನೆರವು ತಿಂಗಳಿಗೆ 1,000ದಿಂದ 2,000ಕ್ಕೆ, ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿದೆ. ಬ್ರಿಟನ್ನಿನಲ್ಲಿ ನವೆಂಬರ್ ಬಂತೆಂದರೆ ಕೋಟಿಗೆ ಕೆಂಪು ಪಾಪಿ ಹೂ ಸಿಕ್ಕಿಸಿಕೊಳ್ಳುತ್ತಾರಲ್ಲ, 1921ರಿಂದ ಅದೂ ಇದೇ ಕ್ರಮ, ಹೂವಿನ ಹಿಂದೆ ಡಬ್ಬಿ. ಹಳೆಯ ನೆತ್ತರುಗೊಡಗೆ ಇಂದು ಎಲ್ಲಾದರೂ ಉಸಿರಾಡುತ್ತಿದ್ದರೆ ಅದು ಇಲ್ಲಿ, ನಾವು ಗಾಳಿಗೆ ಬಿಟ್ಟ ಆ ಕಾಗದದ ಚೂರಿನಲ್ಲಿ.

ಆ ನೆರವು ತಾನಾಗಿ ನಡೆದು ಮನೆಗೆ ಬರುವುದಿಲ್ಲ, ಅರ್ಜಿ ಹಾಕಬೇಕು. ಪಿಂಚಣಿ ಇದ್ದವರಿಗೂ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂಬ ಜೀವನ ಪ್ರಮಾಣಪತ್ರ ಕೊಡುವ ಕೆಲಸವಿದೆ. ರಬಕವಿಯ ಅಂಗಡಿಯೊಂದರಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಯೋಧನ ವಿಧವೆ, ಎಪ್ಪತ್ತು ದಾಟಿರಬೇಕು. ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತುತ್ತಾರೆ, ಕೆಂಪು ದೀಪ. ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಾರೆ, ಮತ್ತೆ ಕೆಂಪು. ವರ್ಷಗಟ್ಟಲೆ ಕಂಡಿಕಿ ಸುತ್ತಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿವೆ. “ನಾ ಇಲ್ಲೇ ಕುಂತೀನಲ್ಲೋ ತಮ್ಮಾ, ಇನ್ನೇನ್ ಸಾಕ್ಷಿ ಬೇಕ್ ಇದಕ?” ಎಂದರು. ಅಂಗಡಿಯ ಹುಡುಗ ನಕ್ಕು, ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣ ಕೊಡುವ ದಾರಿ ತೆರೆದ. ಕೆಲಸ ಮುಗಿಯಿತು. ಆ ದಾರಿ ಗೊತ್ತಿಲ್ಲದ ಹಳ್ಳಿಗಳಲ್ಲಿ ಎಷ್ಟೋ ಜನ ತಾಲ್ಲೂಕಿಗೆ ಅಲೆಯುತ್ತಾರೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರದು ಇನ್ನೊಂದು ಪಜೀತಿ: ಹಳೆಯ ಕಾಗದದಲ್ಲಿ ಮುಳುಗಿದ ಊರಿನ ವಿಳಾಸ, ಆಧಾರ್‌ನಲ್ಲಿ ಪುನರ್ವಸತಿ ಕೇಂದ್ರದ್ದು. ಅರ್ಜಿ ತುಂಬಬಲ್ಲ ಒಬ್ಬ ಡಿಗ್ರಿ ಹುಡುಗ ಪಕ್ಕದಲ್ಲಿ ಕೂತರೆ ಒಂದು ಮಧ್ಯಾಹ್ನದ ಕೆಲಸ.

ಸೈನಿಕರು ಊರಿಗೆ ಫೋನ್ ಮಾಡಿದಾಗ ಏನು ಕೇಳುತ್ತಾರೆ, ಗೊತ್ತೇ? ನನಗೆ ಗೊತ್ತಿರುವ ಮನೆಗಳಲ್ಲಿ ಯಾರೂ “ನಮಗಾಗಿ ಮೆರವಣಿಗೆ ತೆಗೆದರೇ?” ಎಂದು ಕೇಳಿದ್ದನ್ನು ನಾನು ಕೇಳಿಲ್ಲ. “ಅಪ್ಪಾ, ಕಬ್ಬಿಗೆ ಕಟಿಂಗ್ ಬಂತೇನು?” ಎನ್ನುತ್ತಾರೆ. ಆಳಿಲ್ಲದ ಮನೆ, ವಯಸ್ಸಾದ ತಂದೆ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನ ಬೆನ್ನು ಹತ್ತಲು ಮಗ ಊರಲ್ಲಿಲ್ಲ. ಬಾಯಿ ಜೋರಿದ್ದವರ ಕಬ್ಬು ಮೊದಲು ಹೋಗುತ್ತದೆ, ಇವರದು ಸೂಲಂಗಿ ಒಡೆದು, ಒಣಗಿ, ತೂಕ ಬಿಟ್ಟ ಮೇಲೆ. ಲಡಾಖಿನಲ್ಲಿ ನಿಂತವನ ರಾತ್ರಿಯ ನಿದ್ದೆ ಕೆಡಿಸುವ ಸಂಗತಿಗಳಲ್ಲಿ ಇದೂ ಒಂದು.

ಆದ್ದರಿಂದ ನನ್ನ ತೀರ್ಪು ಇದು: ಬಾವುಟ ಹಿಡಿಯುವವರನ್ನು ಬೈಯಬೇಡಿ, ಅವರಿಗೆ ಕೆಲಸ ಕೊಡಿ. ನಿಮ್ಮೂರ ಯುವಕ ಸಂಘದ ಹುಡುಗರನ್ನು ಕೂರಿಸಿಕೊಂಡು, ಊರಲ್ಲಿ ಸೈನ್ಯದಲ್ಲಿರುವವರು ಎಷ್ಟು, ನಿವೃತ್ತರೆಷ್ಟು, ವಿಧವೆಯರೆಷ್ಟು ಎಂದು ಒಂದು ಪಟ್ಟಿ ಮಾಡಿಸಿ. ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ, ಡಿಸೆಂಬರ್ 7ಕ್ಕೆ ಡಬ್ಬಿ. ಈ ಹಂಗಾಮಿನಲ್ಲಿ ಗ್ಯಾಂಗು ಊರಿಗೆ ಇಳಿದ ದಿನ ಪಂಚರೆಲ್ಲ ಸೇರಿ ಮುಕಾದಮನಿಗೆ ಒಂದೇ ಮಾತು ಹೇಳಿ: ಜವಾನನ ಅಪ್ಪನ ಕಬ್ಬು ಮೊದಲು ಕಡಿ, ನಮ್ಮದು ಆಮೇಲೆ. ಒಪ್ಪಿದನೋ ಇಲ್ಲವೋ, ನನಗೆ ಬರೆಯಿರಿ.

ನಿಮ್ಮವ